ತೊಕ್ಕೊಟ್ಟಿನ ಬ್ಲೂಸ್

ಜೀಪಿನ ಬಾಗಿಲು ಧಡಾರ್ ಎಂದು ಮುಚ್ಚಿತು.

ನಡುವೆ ರುಡೊಲ್ಫ್ ಮಾಸ್ಟ್ರ ಎಡಗೈ ಇತ್ತು!

ಮಾಸ್ಟ್ರು ಕಿರುಚಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡರು, ಅಷ್ಟೇ...

"ಇನ್ನು ಬಲಗೈ ಕೊಡಿ," ಎಂದ ಜೀಪಿನ ಪಕ್ಕದ ದಪ್ಪಗಿನವನು. "ಸ್ಯಾಕ್ಸೋಫೋನಿಗೆ ಎರಡೂ ಬೇಕಲ್ಲ!"

ನಾನು ಬಾರ್‌ನ ಹಿಂದಿನ ಗೋಡೆ ಹಾರಿದ್ದು ಆಗ. ಈ ವಯಸ್ಸಿನಲ್ಲಿ, ಚೂಡಿದಾರದಲ್ಲಿ! ಕೈಗೆ ಸಿಕ್ಕಿದ್ದು ಖಾಲಿ ಬಿಯರ್ ಕ್ರೇಟ್. ಅದನ್ನೇ ಅವನ ಕಿವಿಯ ಮೇಲೆ ಇಳಿಸಿದೆ.

ಜೀಪಿನ ಬಾಗಿಲು ಹಿಡಿದಿದ್ದ ಎರಡನೆಯವನು ತಿರುಗಿದ.

"ಏಯ್! ಯಾರು ನೀನು?"

"ನಿನ್ನ ಅಕ್ಕ."

ಮೊಣಕಾಲು ಎತ್ತಿದೆ. ಸರಿಯಾದ ಜಾಗಕ್ಕೇ ತಗುಲಿತು. ಪೊಲೀಸ್ ಟ್ರೇನಿಂಗ್‌ನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಅದೊಂದೇ!

ಮಾಸ್ಟ್ರನ್ನು ಎಳೆದು ತಂದು ನನ್ನ ಆಲ್ಟೊದಲ್ಲಿ ಕೂರಿಸಿದೆ.

"ಸ್ಯಾಕ್ಸ್..." ಎಂದರು.

"ಜೀವ ಉಂಟಲ್ಲ ಮಾಸ್ಟ್ರೇ, ಸಾಕು!"

"ಅದನ್ನು ಬಿಟ್ಟು ನಾನು ಬರುವುದಿಲ್ಲ."

ಇಂಥವರಿಗೆ ಎಂತ ಹೇಳುವುದು, ನೀವೇ ಹೇಳಿ! ವಾಪಸ್ ಓಡಿದೆ. ಪೆಟ್ಟಿಗೆ ಹೊತ್ತು ತಂದೆ. ಅಷ್ಟರಲ್ಲಿ ದಪ್ಪಗಿನವನು ಎದ್ದು ಜೀಪು ಸ್ಟಾರ್ಟ್ ಮಾಡಿಯಾಗಿತ್ತು.

ಓಡಿಸಿದೆ ನೋಡಿ...!

ಉಳ್ಳಾಲದ ಓಣಿಗಳಲ್ಲಿ ಆಲ್ಟೊ ಬದುಕುತ್ತದೆ, ಜೀಪು ಸಾಯುತ್ತದೆ. ಆದರೆ ಓಣಿ ಮುಗಿದು ದೊಡ್ಡ ರಸ್ತೆ ಬಂತು. ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ದೊಡ್ಡದಾಗುತ್ತಾ ಬಂತು. ಎದುರಿಗೆ ನೀರು ಸುರಿಸುತ್ತಾ ಸಾಗುವ ಮೀನಿನ ಲಾರಿ. ಅದರ ಎಡದಿಂದ ನಾನು ನುಗ್ಗಿದೆ. ಒಂದು ಗೇಣು ಸಂದು. ನನ್ನ ಸೈಡ್ ಮಿರರ್ ಹಾರಿಹೋಯಿತು!

ಹಿಂದಿನವನಿಗೆ ಅಷ್ಟು ಸಂದು ಸಿಗಲಿಲ್ಲ. ಮೀನಿನ ನೀರಿನಲ್ಲಿ ಜೀಪು ಜಾರಿತು. ಡಿವೈಡರಿಗೆ ಬಡಿದ ಶಬ್ದ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ನೇತ್ರಾವತಿ ಸೇತುವೆ ಹತ್ತಿದ ಮೇಲೆ ಉಸಿರು ಬಿಟ್ಟೆ.

ನನ್ನ ಹೆಸರು ನಳಿನಾಕ್ಷಿ. ಹಿಂದೆ ಪೊಲೀಸ್ ಕಾನ್‌ಸ್ಟೇಬಲ್. ಈಗ ಪ್ರೈವೇಟ್ ಪತ್ತೇದಾರಿಕೆ. ಗಂಡಂದಿರು ಎಲ್ಲಿ ಹೋಗುತ್ತಾರೆಂದು ಹೆಂಡತಿಯರಿಗೆ ಹೇಳುವುದೇ ಹೆಚ್ಚು. ಈ ಸಲ ಕೇಳಿದ್ದು ಮಾತ್ರ ಮಾಸ್ಟ್ರ ಮಗಳು. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಡ್ಯಾಫ್ನಿ.

"ಆಂಟಿ, ಡ್ಯಾಡಿ ಲೈಫ್ ಇಡೀ ಮದುವೆಯಲ್ಲಿ ಬ್ಯಾಂಡ್ ನುಡಿಸಿದವರು. ಇಗರ್ಜಿಯಲ್ಲಿ ಪ್ರಾರ್ಥನೆಗೆ ನುಡಿಸಿದವರು. ಮಮ್ಮಿ ಆಕ್ಸಿಡೆಂಟ್‌ನಲ್ಲಿ ಹೋದ ಮೇಲೆ ಎಲ್ಲ ಬಿಟ್ಟಿದ್ದಾರೆ. ಈಗ ಬ್ಲೂಸ್ ಅಂತೆ, ಜಾಝ್ ಅಂತೆ! ರಾತ್ರಿಯಿಡೀ ಬಾರ್‌ನಲ್ಲಿ. ಇವತ್ತು ಒಂದು ಬಾರ್, ನಾಳೆ ಇನ್ನೊಂದು. ಕೇಳಿದರೆ ಫೋನ್ ಇಡ್ತಾರೆ. ಎಂತ ಆಗಿದೆ ಅವರಿಗೆ?"

ನಾನು ಮಾಸ್ಟ್ರ ಬೆನ್ನು ಹತ್ತಿದೆ. ಬಾರ್‌ನ ಮೂಲೆಯಲ್ಲಿ ಲೈಮ್ ಸೋಡಾ ಹಿಡಿದು ಕೂತು ಕೇಳಿದೆ. ಎಷ್ಟೋ ಮದುಮಕ್ಕಳನ್ನು ಕುಣಿಸಿದ ಅದೇ ಸ್ಯಾಕ್ಸ್. ಈಗ ಪ್ರತಿ ಸ್ವರವನ್ನೂ ಎಳೆದು, ಬಗ್ಗಿಸಿ, ಕೊನೆಗೆ ಕೈಬಿಡುತ್ತಿದ್ದರು. ನುಡಿಸುವವರು ಕಣ್ಣು ಮುಚ್ಚಿಕೊಳ್ಳುತ್ತಾರಲ್ಲ? ಇವರು ಮುಚ್ಚುತ್ತಿರಲಿಲ್ಲ. ಒಂದೊಂದೇ ಟೇಬಲ್, ಒಂದೊಂದೇ ಮುಖ ನೋಡುತ್ತಾ ನುಡಿಸುತ್ತಿದ್ದರು.

ಯಾಕೆಂದು ಆ ರಾತ್ರಿ ಕಾರಿನಲ್ಲಿ ಗೊತ್ತಾಯಿತು.

"ಆ ದಿನ ತಡರಾತ್ರಿ ತೊಕ್ಕೊಟ್ಟಿನಲ್ಲಿ ನಾನು ರಸ್ತೆಯ ಆಚೆ ಬದಿ ಸ್ಕೂಟರ್ ಹಿಡಿದು ನಿಂತಿದ್ದೆ," ಎಂದರು ಮಾಸ್ಟ್ರು. ಮುರಿದ ಕೈ ಮಡಿಲಲ್ಲಿ ಊದುತ್ತಿತ್ತು. "ನನ್ನ ಹೆಂಡತಿ ರೊಸಾಲಿನ್ ದಾಟುತ್ತಾ ಇದ್ದಳು. ಕಾರು ಹೊಡೆಯಿತು. ನಿಂತಿತು. ಒಬ್ಬ ಇಳಿದ. ಕುಡಿದಿದ್ದ, ವಾಲುತ್ತಾ ಬಂದ. ಲೈಟಿನ ಕೆಳಗೆ ಅವನ ಮುಖ ಕಂಡಿತು. ಅವಳ ಹತ್ತಿರ ಬಗ್ಗಿದ. ಆಮೇಲೆ ಎದ್ದು... ಹೋದ. ನಾನು ಲಾರಿಗಳ ಮಧ್ಯೆ ದಾಟಿ ಮುಟ್ಟುವಾಗ ಅವಳು ಇರಲಿಲ್ಲ."

"ಪೊಲೀಸರಿಗೆ ಹೇಳಿದಿರಾ?"

"ಕತ್ತಲೆ, ನಿಮಗೆ ವಯಸ್ಸಾಗಿದೆ ಅಂದರು."

"ಅದಕ್ಕೆ ಬಾರ್?"

"ಆ ಹೊತ್ತಿಗೆ ಕುಡಿದು ಬರುವವನನ್ನು ಎಲ್ಲಿ ಹುಡುಕುವುದು ಮಾರಾಯ್ತಿ? ಮದುವೆಮನೆಯಲ್ಲಾ? ತಡವಾಗಿ ಮುಚ್ಚುವ ಬಾರ್‌ಗಳಿಗೆ ಬೇಕಾದ್ದು ಬ್ಲೂಸ್. ಕಲಿತೆ. ಸ್ಟೇಜಿನಲ್ಲಿ ಕೂತರೆ ಎಲ್ಲರ ಮುಖ ಕಾಣ್ತದೆ."

ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು!

"ಸಿಕ್ಕಿದನಾ?"

"ಸಿಕ್ಕಿದ. ನನಗೆ ಕೆಲಸ ಕೊಟ್ಟವನೇ. ಬಾರ್ ಓನರ್ ಮುಖೇಶ್. ಆದರೂ ಡೌಟ್ ಇತ್ತು. ಇವತ್ತು ಮೈಕಿನಲ್ಲಿ ಹೇಳಿದೆ... ಇದು ತೊಕ್ಕೊಟ್ಟಿನಲ್ಲಿ ಸತ್ತ ನನ್ನ ಹೆಂಡತಿಗೆ ಅಂತ. ಅವನ ಕೈಯಿಂದ ಗ್ಲಾಸ್ ಬಿತ್ತು."

ಆ ರಾತ್ರಿ ನಾನು ಹೊರಗೆ ಕಾರಿನಲ್ಲೇ ಕಾಯುತ್ತಿದ್ದೆ; ಆಮೇಲಿನದ್ದು ಗೋಡೆ ಹಾರಿ ನೋಡಿದ್ದೇ.

ಬೆಳಗಾಗುವಾಗ ಆಸ್ಪತ್ರೆಯಲ್ಲಿ ಮಾಸ್ಟ್ರ ಕೈಗೆ ಪ್ಲಾಸ್ಟರ್ ಬಿತ್ತು. ಡಿವೈಡರಿಗೆ ಬಡಿದ ದಪ್ಪಗಿನವನನ್ನೂ ಅಲ್ಲಿಗೇ ತಂದಿದ್ದರು. ಪೊಲೀಸರು ಕೇಳುವ ಮೊದಲೇ ಮುಖೇಶನ ಹೆಸರು ಹೇಳಿಬಿಟ್ಟ. ಆದರೆ ಅದು ಬರೀ ಕೈ ಮುರಿದ ಕೇಸು. ರೊಸಾಲಿನ್ ಕೇಸು ಅಲ್ಲ.

ಆ ಫೈಲು ಮುಚ್ಚಿದ ಇನ್‌ಸ್ಪೆಕ್ಟರಿಗೇ ಫೋನ್ ಮಾಡಿದೆ.

"ಸರ್, ಇವತ್ತು ಮಫ್ತಿಯಲ್ಲಿ ಉಳ್ಳಾಲಕ್ಕೆ ಬನ್ನಿ. ಅರೆಸ್ಟ್ ಮಾಡುವ ಮೊದಲು ಸ್ವಲ್ಪ ಮ್ಯೂಸಿಕ್ ಕೇಳಿ."

"ನನಗೆ ಮ್ಯೂಸಿಕ್ ಅರ್ಥ ಆಗುವುದಿಲ್ಲ ನಳಿನಾಕ್ಷಿ."

"ಇವತ್ತು ಆಗ್ತದೆ."

ಸಂಜೆ ಬಾರ್ ತುಂಬಿತ್ತು. ಮಾಸ್ಟ್ರು ಬಂದರು. ಕತ್ತಿಗೆ ಜೋತುಬಿಟ್ಟ ಪ್ಲಾಸ್ಟರ್ ಕೈ. ಸ್ಟೇಜಿನ ಕುರ್ಚಿಯಲ್ಲಿ ಕೂತು ಸ್ಯಾಕ್ಸನ್ನು ಮಡಿಲಲ್ಲಿ ಇಟ್ಟುಕೊಂಡರು. ನುಡಿಸಲಿಲ್ಲ. ಕೌಂಟರಿನ ಹಿಂದಿದ್ದ ಮುಖೇಶನನ್ನು ನೋಡುತ್ತಾ ಕೂತರು.

ಮಾತು ಒಂದೊಂದೇ ಟೇಬಲಿನಲ್ಲಿ ನಿಂತಿತು.

ಮುಖೇಶ್ ಒಂದು ಪೆಗ್ ಹಾಕಿದ. ಇನ್ನೊಂದು ಹಾಕಿದ.

"ಎಂತ ನೋಡುವುದು?" ಎಂದು ಕೂಗಿದ ಕೊನೆಗೆ. "ನುಡಿಸಲು ಆಗದಿದ್ದರೆ ಮನೆಗೆ ಹೋಗಿ!"

ಮಾಸ್ಟ್ರು ಮೈಕ್ ಹತ್ತಿರ ಎಳೆದುಕೊಂಡರು. ದನಿ ಏರಲಿಲ್ಲ.

"ನೀವು ಬಗ್ಗಿದಿರಲ್ಲ... ಅವಳು ನಿಮಗೆ ಎಂತ ಹೇಳಿದಳು? ನನಗೆ ಅಷ್ಟೇ ಬೇಕಾದ್ದು. ಬೇರೆ ಎಂತದೂ ಬೇಡ."

ನಾನು ಅವನ ಬಾಯಿ ಬಿಡಿಸಲು ಏನೇನೋ ಪ್ಲಾನ್ ಮಾಡಿ ಬಂದಿದ್ದೆ. ಯಾವುದೂ ಬೇಕಾಗಲಿಲ್ಲ. ಮುಖೇಶ್ ಕೌಂಟರಿನ ಮೇಲೆ ಎರಡೂ ಕೈ ಊರಿದ. ಆ ಮುಖ ಎಷ್ಟೋ ರಾತ್ರಿಗಳಿಂದ ನಿದ್ದೆ ಕಂಡಿರಲಿಲ್ಲ.

"ಯಜಮಾನರು ಆಚೆ ಬದಿಯಲ್ಲಿ ಇದ್ದಾರೆ ಅಂದಳು," ಎಂದ. "ಒಮ್ಮೆ ಕರೀರಿ ಅಂದಳು... ನಾನು ಕರೀಲಿಲ್ಲ."



ನನ್ನ ಪಕ್ಕದ ಇನ್‌ಸ್ಪೆಕ್ಟರ್ ಎದ್ದು ನಿಂತರು. ಮುಖ ಬಿಳುಚಿತ್ತು.

"ಗಾಡಿ ಎಲ್ಲಿ?"

"ಕಾವೂರಿನಲ್ಲಿ... ಗೋಡೌನಿನಲ್ಲಿ ಉಂಟು. ರಿಪೇರಿ ಮಾಡಿಸಲಿಲ್ಲ. ಯಾರಾದರೂ ನೋಡಿದರೆ ಅಂತ."

ಕರೆದುಕೊಂಡು ಹೋದರು. ಮಾಸ್ಟ್ರು ಅವನ ಕಡೆ ತಿರುಗಲೂ ಇಲ್ಲ. "ಒಮ್ಮೆ ಕರೀರಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಅತ್ತರು. ಹೆಂಡತಿಯ ಮಣ್ಣಿನ ದಿನವೂ ಅಳಲಿಲ್ಲ ಎಂದು ಡ್ಯಾಫ್ನಿ ಹೇಳಿದ್ದ ಮನುಷ್ಯ! ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ.

ಬಾರಿಗೆ ಸೀಲ್ ಬಿತ್ತು. ಕಾರು ಸಿಕ್ಕಿತು. ಪ್ಲಾಸ್ಟರ್ ಬಿಚ್ಚಿದರು, ಎರಡು ಬೆರಳು ಮಡಚುವುದಿಲ್ಲ. ಡ್ಯಾಫ್ನಿ ಫೋನಿನಲ್ಲಿ ಅತ್ತು, ಕೊನೆಗೆ ಕೇಳಿದಳು. "ಇನ್ನಾದರೂ ಡ್ಯಾಡಿ ರಾತ್ರಿ ಮನೆಯಲ್ಲಿ ಇರ್ತಾರಲ್ಲ ಆಂಟಿ?"

ಇರ್ತಾರೆ ಎಂದೆ. ಸುಳ್ಳು!

ಅದೇ ವಾರ ಮಾಸ್ಟ್ರು ಪೆಟ್ಟಿಗೆ ಹಿಡಿದು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

"ನಳಿನಾಕ್ಷಿ, ತಡವಾಗಿ ಮುಚ್ಚುವ ಬಾರ್ ಬೇರೆ ಯಾವುದು ಉಂಟು?"

"ಇನ್ನು ಯಾರನ್ನು ಹುಡುಕುವುದು ಮಾಸ್ಟ್ರೇ?"

"ಯಾರನ್ನೂ ಅಲ್ಲ. ಮನೆಯಲ್ಲಿ ಅವಳಿಲ್ಲ. ರಾತ್ರಿ ಉದ್ದ ಉಂಟು."

ಕಾರಿನ ಕೀ ಎತ್ತಿಕೊಂಡೆ.

"ಒಂದು ಉಂಟು. ಮುಚ್ಚುವುದೇ ಇಲ್ಲ. ಮುಚ್ಚಿಸಬೇಕಾದ ಪೊಲೀಸರೇ ಅಲ್ಲಿ ಕುಡಿಯುವುದು!"