ಮೂರು ಕಿಲೋಮೀಟರ್ ಆಳದ ಸಾಕ್ಷಿ

ಧಡಾರ್!

ಕಬ್ಬಿಣದ ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು. ಮರುಕ್ಷಣವೇ ಸೈರನ್!

ಬೆಂಕಿಯ ಸುಳಿವೇ ಇರಲಿಲ್ಲ. ಆದರೂ ಬೆಂಕಿ ಆರಿಸುವ ಗ್ಯಾಸಿನ ಗುಂಡಿಯನ್ನು ಯಾರೋ ಒತ್ತಿದ್ದರು.

"ಎಷ್ಟು ಟೈಮಿದೆ ಪುಟ್ಟಿ?"

"ಅರ್ಧ ನಿಮಿಷಕ್ಕೆ ಗ್ಯಾಸ್ ಬಿಡುತ್ತೆ ಭಾವ. ಆಮೇಲೆ... ನಾಲ್ಕು ಉಸಿರೆಳೆದ್ರೆ ಮುಗೀತು!"

ನೋಡಿ, ನಾನು ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಗೆ ಇಳಿದವನು. ಪುಟ್ಟಿ ನನ್ನ ಹೆಂಡತಿಯ ತಂಗಿ. ಕಚ್ಚಾ ಎಣ್ಣೆ ತೆಗೆಯುವ ಕಂಪನಿಯಲ್ಲಿ ಭೂವಿಜ್ಞಾನಿ. ಬಾವಿ ಕೊರೆಯುವಾಗ ಮೂರು ಕಿಲೋಮೀಟರ್ ಆಳದಿಂದ ಎತ್ತಿದ ಕಲ್ಲಿನ ತುಂಡುಗಳೆಲ್ಲ ಈ ಗೋದಾಮಿನಲ್ಲಿದ್ದವು. ತೋಳಿನಷ್ಟು ದಪ್ಪ, ಮೊಳದುದ್ದ.

ಯಾವ ಕಾಲದಲ್ಲೋ ಗಾಳಿ ತಂದು ಗುಡ್ಡೆ ಹಾಕಿದ ಮರಳು. ಹೂತುಹೋಗಿ ಕಲ್ಲಾಗಿದೆ. ಗಾಳಿಯೇ ಜರಡಿ ಹಿಡಿದದ್ದರಿಂದ ಕಾಳೆಲ್ಲ ಒಂದೇ ಅಳತೆ. ಆ ಕಾಳುಗಳ ಸಂದಿನಲ್ಲಿ ಎಣ್ಣೆ, ಗ್ಯಾಸು ಕೂತಿರುತ್ತವಂತೆ. ಏಳನೇ ಬಾವಿಯಲ್ಲಿ ಮಾತ್ರ ಸಂದುಗಳೆಲ್ಲ ಕಟ್ಟಿಹೋಗಿದ್ದವು. ಸತ್ತ ಬಾವಿ!

ಮ್ಯಾನೇಜರ್ ಏನು ಮಾಡಿದ? ಎರಡನೇ ಬಾವಿಯ ಒಳ್ಳೆ ಕಲ್ಲನ್ನು ಏಳನೆಯದೆಂದು ತೋರಿಸಿದ. ನಂಬಿ, ಎಣ್ಣೆ ಇದೆಯೆಂಬ ರಿಪೋರ್ಟಿಗೆ ಸಹಿ ಹಾಕಿದವಳು ಪುಟ್ಟಿ. ಬಾವಿ ಕೊಳ್ಳುವವರು ಇದೇ ಮಧ್ಯಾಹ್ನ ಬರಲಿದ್ದರು. ನಾಳೆ ಮೋಸ ಬಯಲಾದರೆ ಜೈಲಿಗೆ ಹೋಗುವವಳೂ ಅವಳೇ.

ಅದಕ್ಕೇ ಅಸಲಿ ಕಲ್ಲು ಹುಡುಕಲು ನನ್ನನ್ನು ಕರೆತಂದಿದ್ದಳು. ಒಂದೇ ಒಂದು ತುಂಡು ಸಿಕ್ಕಿತ್ತು. ಅಷ್ಟರಲ್ಲಿ ಬಾಗಿಲು ಬಿತ್ತು.

ಹಿಸ್ಸ್ಸ್...

"ರ‍್ಯಾಕ್ ಹತ್ತಿ ಭಾವ! ಈ ಗ್ಯಾಸ್ ಭಾರ. ಕೆಳಗಿಂದ ತುಂಬುತ್ತೆ!"

ಹತ್ತಿದೆವು. ಸೂರಿನ ಕೆಳಗೆ ಪುಟ್ಟ ಕಿಟಕಿ. ಅದಕ್ಕೆ ತುಕ್ಕು ಹಿಡಿದ ಜಾಲರಿ. ಪಕ್ಕದ ಪೆಟ್ಟಿಗೆಯಿಂದ ಒಂದು ಕಲ್ಲೆತ್ತಿ ಬಾರಿಸಿದೆ.

ಕಲ್ಲೇ ಪುಡಿಪುಡಿ! ಕೈ ತುಂಬ ಮರಳು!

"ಅದು ಒಳ್ಳೆ ಬಾವಿದು. ಮೆತ್ತಗಿರುತ್ತೆ!"

"ಗಟ್ಟಿ ಯಾವುದು?"

ಅವಳು ಎದೆಗೆ ಅವಚಿಕೊಂಡಿದ್ದ ಏಳನೇ ಬಾವಿಯ ತುಂಡನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಬೇಡ ಭಾವ... ಇದು ಹೋದ್ರೆ ನನ್ನ ಗತಿ?"

"ಸಾಕ್ಷಿ ಹೇಳೋಕೆ ನಾವೂ ಇರ್ಬೇಕಲ್ಲ! ಕೊಡು!"

ಒಂದು. ಎರಡು. ತಲೆ ಗಿರ್ರೆಂದಿತು. ಮೂರನೇ ಏಟಿಗೆ ಜಾಲರಿ ಕಿತ್ತು ಬಂತು. ಕಲ್ಲೂ ಎರಡು ಹೋಳಾಯಿತು! ಬಾವಿಯ ನಂಬರಿದ್ದ ಹೋಳನ್ನು ಪುಟ್ಟಿ ಬಾಚಿಕೊಂಡಳು. ಅವಳನ್ನು ಕಿಟಕಿಯ ಹೊರಗಿದ್ದ ತಗಡಿನ ಚಾವಣಿಗೆ ನೂಕಿದೆ. ನಾನು ಹೊಟ್ಟೆಯ ಬಳಿ ಸಿಕ್ಕಿಹಾಕಿಕೊಂಡೆ.

"ಉಸಿರು ಬಿಡಿ ಭಾವ!"

"ಇದ್ರೆ ತಾನೇ ಬಿಡೋದು!"

ಎಳೆದಳು. ಇಬ್ಬರೂ ಚಾವಣಿಯ ಮೇಲಿಂದ ಉರುಳಿ ನೆಲ ಸೇರಿದೆವು.

ಎದುರಿಗೆ ಮ್ಯಾನೇಜರ್. ಕೈಯಲ್ಲಿ ರಾಡು.

"ಕಲ್ಲು ಕೊಡು!"

ಅವನ ಕಣ್ಣು ಕಲ್ಲಿನ ಮೇಲಿತ್ತು. ನನ್ನ ಮೊಣಕೈ ಅವನ ಮೂಗಿನ ಮೇಲೆ ಬಿತ್ತು.

ಗೇಟಿನಲ್ಲಿ ಕೊಳ್ಳುವವರ ಜೀಪು ನಿಂತಿತು. ನರೆತ ತಲೆಯ ಇಂಜಿನಿಯರ್ ಇಳಿದರು. ಪುಟ್ಟಿ ಹೋಳನ್ನು ಬಾನೆಟ್ಟಿನ ಮೇಲಿಟ್ಟು, ಒಡೆದ ಮೈಗೆ ನನ್ನ ಜೇಬಿನಲ್ಲಿದ್ದ ಬಾಟಲಿಯಿಂದ ಒಂದು ಹನಿ ನೀರು ಬಿಟ್ಟಳು. ಹನಿ ಮಣಿಯಂತೆ ಹಾಗೇ ಕೂತಿತು.

"ಒಳ್ಳೆ ಕಲ್ಲಾಗಿದ್ರೆ ಕುಡಿದುಬಿಡ್ತಿತ್ತು ಸರ್. ಏಳನೇ ಬಾವೀಲಿ ಏನೂ ಇಲ್ಲ. ಇದೆ ಅಂತ ಸಹಿ ಹಾಕಿದೋಳು ನಾನೇ."

ಇಂಜಿನಿಯರ್ ಬಹಳ ಹೊತ್ತು ಹನಿಯನ್ನೇ ನೋಡಿದರು.

"ಪೊಲೀಸರ ಮುಂದೆ ಇನ್ನೊಂದ್ಸಲ ತೋರಿಸ್ತೀಯೇನಮ್ಮ?"

"ತೋರಿಸ್ತೀನಿ. ಏನಾದ್ರೂ ಆಗ್ಲಿ."

"ನೀರು... ಸ್ವಲ್ಪ ನೀರು..." ನೆಲದ ಮೇಲೆ ಮ್ಯಾನೇಜರ್ ನರಳಿದ.

ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ಮುಚ್ಚಳ ಬಿಗಿ ಮಾಡಿ ಜೇಬಿಗಿಟ್ಟೆ.

ಪೊಲೀಸರು ಬಂದಾಗ ಬೇಕಲ್ಲ!