ಬೆವರದ ಸವಾರ

"ಸಾರಿ ಕಣ್ರೀ, ನನ್ನಿಂದ ನಿಮಗೂ ಲೇಟು," ಎಂದಳು ಶಾಂಭವಿ, ಏದುಸಿರು ಬಿಡುತ್ತಾ.

"ಪರವಾಗಿಲ್ಲ, ನಿಧಾನವಾಗಿ ಬನ್ನಿ," ಎಂದ ಚಕ್ರಪಾಣಿ. ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ.

ಎಲ್ಲಿಂದ ಬರಬೇಕು ಬೆವರು? ಅವನ ಸೈಕಲ್ಲಿನ ಹೊಟ್ಟೆಯೊಳಗೆ ಬ್ಯಾಟರಿ ಇತ್ತು. "ಇ-ಬೈಕ್ ಅಂತ ಯಾರಿಗೂ ಗೊತ್ತಾಗದ ಮಾಡೆಲ್ ಕೊಡಿ," ಎಂದು ಮೆಲ್ಬರ್ನಿನ ಅಂಗಡಿಯಲ್ಲಿ ಕೇಳಿ ಬಾಡಿಗೆಗೆ ತಂದಿದ್ದ.

ತಪ್ಪೆಲ್ಲ ಮ್ಯಾಟ್ರಿಮನಿ ಪ್ರೊಫೈಲಿನದು. ಹವ್ಯಾಸದ ಜಾಗ ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು 'ಸೈಕ್ಲಿಂಗ್' ಎಂದು ಹಾಕಿದ್ದ. ಸಿಡ್ನಿಯ ಹುಡುಗರೆಲ್ಲ ಹಾಕುವುದು ಅದನ್ನೇ. ರೌಸ್ ಹಿಲ್‌ನಿಂದ ನಾರ್ತ್ ಸಿಡ್ನಿಯ ಆಫೀಸಿಗೆ ಈ ಮಹಾರಾಯ ಹೋಗುವುದು ಮೆಟ್ರೊದಲ್ಲಿ.

ಮೆಲ್ಬರ್ನ್ ಪಕ್ಕದ ವೆರಿಬೀಯ ಶಾಂಭವಿ ಮಾತ್ರ ಅದನ್ನು ನಂಬಿದಳು. ಕಾಫಿಗೆ ಸಿಗೋಣ ಎನ್ನುವ ಬದಲು, "ನಮ್ಮ ಕನ್ನಡದವರ ಸೈಕಲ್ ಟೂರ್ ಇದೆ, ಬನ್ನಿ," ಎಂದು ಕರೆದಳು. ಲಿಲಿಡೇಲ್‌ನಿಂದ ವಾರ್ಬರ್ಟನ್‌ವರೆಗೆ, ಹಿಂದೆ ರೈಲು ಓಡುತ್ತಿದ್ದ ದಾರಿ. ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟಿದ್ದಾರೆ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಉಳಿದವರು ಬೇಕೆಂದೇ ಮುಂದೆ ಹೋಗಿದ್ದರು.

ದಾರಿಯ ಮೊದಲಿಗೇ ಸಿಗುವ ಮೌಂಟ್ ಎವೆಲಿನ್‌ನ ಏರು ರೈಲಿಗೆಂದು ನಿಧಾನವಾಗಿ ಏರಿಸಿ ಮಾಡಿದ್ದು. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ಹೆಲ್ಮೆಟ್ಟಿನಿಂದ ತಪ್ಪಿಸಿಕೊಂಡ ಕೂದಲು ಅವಳ ಕೆನ್ನೆಗೆ ಅಂಟಿತ್ತು. ಊದಿ ಸರಿಸಲು ನೋಡಿದಳು, ಆಗಲಿಲ್ಲ. ಓರೆಗಣ್ಣಿನಲ್ಲಿ ಅವನತ್ತ ನೋಡಿ ನಕ್ಕಳು.

"ಹೆಸರಲ್ಲೇ ಚಕ್ರ ಇಟ್ಕೊಂಡೋರ ಜೊತೆ ನಾನೆಲ್ಲಿ ಪೈಪೋಟಿ ಮಾಡ್ಲಿ?"

ಆ ನಗು ಅವನಿಗೆ ತುಂಬಾ ಇಷ್ಟವಾಯಿತು. ಇಷ್ಟವಾದಷ್ಟೂ ನಿಜ ಹೇಳುವುದು ಕಷ್ಟವಾಯಿತು.

ದಾರಿಬದಿಯ ಬೆಂಚಿನ ಬಳಿ ಅವಳು ಇಳಿದುಬಿಟ್ಟಳು.

"ಒಂದ್ ಮಾತು ಹೇಳ್ತೀನಿ, ನಗಬೇಡಿ. ನಂಗೆ ಸೈಕಲ್ ಬರ್ತಾನೇ ಇರ್ಲಿಲ್ಲ. ನಿಮ್ಮ ಪ್ರೊಫೈಲ್ ನೋಡಿದ್ಮೇಲೆ ಸೆಕೆಂಡ್‌ಹ್ಯಾಂಡ್ ಒಂದು ತಗೊಂಡು, ದಿನಾ ಬೆಳಿಗ್ಗೆ ನದಿ ಪಕ್ಕ ಬಿದ್ದು ಎದ್ದು ಕಲಿತೆ." ತೋಳು ಮಡಚಿ ಮೊಣಕೈಯ ಹಕ್ಕಳೆ ತೋರಿಸಿದಳು. "ಆದ್ರೂ ನಿಮ್ಮ ಲೆವೆಲ್ಲಿಗೆ ಬರಲ್ಲ. ಜೀವನಪೂರ್ತಿ ನೀವು ಹೀಗೆ ನನಗೋಸ್ಕರ ಕಾಯೋದು ಬೇಡ. ಸಂಜೆ ಮನೇಲಿ ನಾನೇ ಬೇಡ ಅಂತೀನಿ. ತಪ್ಪು ನನ್ನ ಮೇಲೇ ಇರ್ಲಿ."

ಚಕ್ರಪಾಣಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಶಾಂಭವಿ... ಇದ್ರಲ್ಲಿ ಮೋಟಾರ್ ಇದೆ."

"ಏನು?"

"ನಾನು ಕೊನೇ ಸಲ ಸೈಕಲ್ ತುಳಿದಿದ್ದು ಹೈಸ್ಕೂಲಲ್ಲಿ. ಪ್ರೊಫೈಲಲ್ಲಿ ಸುಮ್ನೆ ಹಾಕ್ದೆ."

ಅವಳು ನಗಲಿಲ್ಲ. ಅವನ ಒಣ ಹಣೆಯನ್ನೇ ನೋಡಿದಳು.

"ಮೋಟಾರ್ ಇರ್ಲಿ ಬಿಡಿ. ಅಲ್ಲಾ ರೀ, ನಾನು ಸಾರಿ ಅಂದಾಗೆಲ್ಲ ಪರವಾಗಿಲ್ಲ ಅಂದ್ರಲ್ಲ? ಮಾಡದ ತಪ್ಪಿಗೆ ನನ್ನನ್ನ ಕ್ಷಮಿಸ್ತಾ ಬಂದ್ರಲ್ಲ?"

ಇದು ಅವನಿಗೆ ಹೊಳೆದೇ ಇರಲಿಲ್ಲ. ಕಿವಿಯವರೆಗೂ ಬಿಸಿಯಾಯಿತು. ತಲೆ ತಗ್ಗಿಸಿದ.

"ಆಫ್ ಮಾಡಿ," ಎಂದಳು. ಸೈಕಲ್ ಹತ್ತಿದವಳು ತಿರುಗಿಯೂ ನೋಡಲಿಲ್ಲ.

ಮೋಟಾರಿಲ್ಲದ ಇ-ಬೈಕೆಂದರೆ ರುಬ್ಬುಗುಂಡು. ತಿರುವಿನಲ್ಲಿ ಅವಳ ಬೆನ್ನು ಮರೆಯಾಯಿತು. ಹೋದಳು, ಸಂಜೆ ಬೇಡ ಅನ್ನುತ್ತಾಳೆ, ಅನ್ನಲಿ, ಸರಿಯೇ ಎಂದುಕೊಂಡ. ತೊಡೆ ನಡುಗಿತು, ಕಣ್ಣಿಗೆ ಉಪ್ಪು ಇಳಿಯಿತು. ಬೆರಳು ಬಟನ್ನಿನವರೆಗೆ ಹೋಗಿ ನಾಚಿಕೊಂಡು ವಾಪಸು ಬಂತು.

ಏರಿನ ತುದಿಯಲ್ಲಿ, ಹಳೆಯ ಸ್ಟೇಷನ್ನಿನ ಜಾಗದಲ್ಲಿ, ಅವಳು ಒಂಟಿಯಾಗಿ ಒಂದು ಕಾಲೂರಿ ನಿಂತಿದ್ದಳು.

ಅವನಿಗೆ ಮುಖ ಎತ್ತಲಾಗಲಿಲ್ಲ. "ಸಾರಿ," ಎಂದ, ಉಸಿರು ಸಿಕ್ಕಾಗ. "ನನ್ನಿಂದ... ನಿಮಗೂ ಲೇಟು."

ಅವಳು ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುವುದನ್ನು ಸಾವಕಾಶವಾಗಿ ನೋಡಿದಳು. ಆಮೇಲೆ ತನ್ನ ನೀರಿನ ಬಾಟಲಿ ಚಾಚಿದಳು.

"ಪರವಾಗಿಲ್ಲ," ಎಂದಳು, ಥೇಟ್ ಅವನದೇ ಧಾಟಿಯಲ್ಲಿ. "ನಿಧಾನವಾಗಿ ಬನ್ನಿ. ನಾನು ಕಾಯ್ತೀನಿ."