ಒಂದು ಹಾಳೆಗೆ ನಾಲ್ಕು ಫೋಟೋ

"ದೊಡ್ಡ ಸೈಜ್ ಬೇಡ ಮೇಡಂ. ಸುಮ್ನೆ ದುಡ್ಡು ದಂಡ," ಅಂದ ಫೋಟೋ ಅಂಗಡಿಯವನು.

ಟೈಲರ್ ಹುಡುಗಿಯ ಹುಬ್ಬು ಗಂಟಿಕ್ಕಿತು. "ನನ್ನ ಹತ್ರ ದುಡ್ಡಿಲ್ಲ ಅಂತ ನಿಮಗ್ಯಾರು ಹೇಳಿದ್ರು?"

ಅವನು ತಬ್ಬಿಬ್ಬಾದ. ಕಂಪ್ಯೂಟರ್ ಪರದೆಯನ್ನೇ ಅವಳತ್ತ ತಿರುಗಿಸಿದ. ತಾನೇ ಹೊಲಿದ ಹಸಿರು ಗೌನ್ ತೊಟ್ಟು ಅವಳು ನಿಂತಿದ್ದ ಫೋಟೋ. ಹಿಗ್ಗಿಸಿದ. ಕಸೂತಿಯೆಲ್ಲ ಮಸುಕಾಗಿಹೋಯಿತು.

"ಇದು ಮೆಸೇಜಲ್ಲಿ ಬಂದಿದ್ದಲ್ವಾ?"

"ಹೂಂ, ತಂಗಿ ತೆಗೆದು ಕಳಿಸಿದ್ಲು."

"ಮೆಸೇಜಲ್ಲಿ ಕಳಿಸಿದ್ರೆ ಫೋಟೋ ಕುಗ್ಗುತ್ತೆ. ಅವರ ಫೋನಲ್ಲಿರೋ ಮೂಲ ಫೋಟೋ ತನ್ನಿ. ಒಂದು ಹಾಳೆಗೆ ನಾಲ್ಕು ಕೂರಿಸ್ತೀನಿ, ಖರ್ಚು ಉಳಿಯುತ್ತೆ. ನೀವೇ ಕತ್ತರಿಸ್ಕೊಳ್ಳಿ. ಕತ್ತರಿ ಹಿಡಿಯೋದನ್ನ ನಿಮಗೆ ಹೇಳಿಕೊಡಬೇಕಾ?"

ಅವಳು ನಕ್ಕಳು. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು.

ಹಳೆಯ ಹೊಲಿಗೆ ಮಾಸ್ಟರ್ ಹತ್ತಿರದ ಕೆಲಸ ಬಿಟ್ಟು ಅವಳು ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದಿದ್ದಳು. ಮದುಮಗಳ ತಾಯಿಯೊಬ್ಬರು ಕೆಲಸ ನೋಡೋಕೆ ಬರುವವರಿದ್ದರು. ಅವರಿಗೆ ಫೋನ್ ನೋಡಿದರೆ ಕಣ್ಣುನೋವು. ಕೈಗೆ ಆಲ್ಬಂ ಕೊಡಬೇಕು. ಆ ಆರ್ಡರ್ ಸಿಕ್ಕರೆ ಅಂಗಡಿ ನಿಲ್ಲುತ್ತೆ, ಇಲ್ಲವಾದರೆ ಮತ್ತೆ ಮಾಸ್ಟರ್ ಬಾಗಿಲು.

"ಪೂರ್ತಿ ಆಲ್ಬಂಗೇ ಫೋಟೋ ಬೇಕಾದ್ರೆ?"

ನಾನೇ ಮಾಡ್ಕೊಡ್ತೀನಿ, ಇಲ್ಲೇ ಕಮ್ಮಿ ಅಂತ ಅವನು ಅನ್ನಬಹುದಿತ್ತು. ಆ ಕಣ್ಣುಗಳ ಎದುರು ಸುಳ್ಳು ಬಾಯಿಗೆ ಬರಲಿಲ್ಲ.

"ಅಷ್ಟು ಫೋಟೋ ಇದ್ರೆ ಆನ್‌ಲೈನ್ ಲ್ಯಾಬಲ್ಲೇ ಕಮ್ಮಿ. ಗೆಳತಿಯರ ಜೊತೆ ಸೇರಿ ಆರ್ಡರ್ ಮಾಡಿ, ಕೊರಿಯರ್ ಖರ್ಚು ಹಂಚಿಹೋಗುತ್ತೆ. ಮನೆ ಪ್ರಿಂಟರ್ ಮಾತ್ರ ಬೇಡ, ಇಂಕ್ ಕುಡಿದುಬಿಡುತ್ತೆ."

ಅವಳು ಹೋದ ಮೇಲೆ ಒಳಗಿಂದ ಅವನ ಅಕ್ಕ ಬಂದಳು. "ಬಂದ ಗಿರಾಕೀನ ಬೇರೆ ಕಡೆ ದಾಟಿಸಿದ ಪುಣ್ಯಾತ್ಮ ನೀನೊಬ್ಬನೇ ಕಣೋ."

"ಅವಳಿಗೆ ಸುಳ್ಳು ಹೇಳಕ್ಕಾಗಲಿಲ್ಲ ಅಕ್ಕ."

"ಅಯ್ಯೋ! ಅಷ್ಟು ದೂರ ಹೋಯ್ತಾ?"

ಆಮೇಲೆ ಬಾಗಿಲು ಸದ್ದಾದಾಗಲೆಲ್ಲ ಅವನು ತಲೆಯೆತ್ತುತ್ತಿದ್ದ. ಯಾರ್‍ಯಾರೋ ಬರುತ್ತಿದ್ದರು.

ಒಂದು ಸಂಜೆ ಅವಳೇ ಬಂದಳು. ಲ್ಯಾಬಿನಿಂದ ಬಂದ ಕವರಿನಲ್ಲಿದ್ದ ಫೋಟೋಗಳನ್ನು ಕೌಂಟರ್ ಮೇಲೆ ಸುರಿದಳು.

"ನನ್ನ ತಲೆ ಎಲ್ಲಿ?"

ಒಂದರಲ್ಲಿ ಹಣೆ ಇಲ್ಲ, ಇನ್ನೊಂದರಲ್ಲಿ ಗೌನಿನ ಅಂಚೇ ಇಲ್ಲ. ಫೋನಿನ ಫೋಟೋ ಉದ್ದ, ಕಾಗದ ಗಿಡ್ಡ. ಹೆಚ್ಚಾದದ್ದನ್ನು ಲ್ಯಾಬಿನವರು ಕತ್ತರಿಸಿಬಿಟ್ಟಿದ್ದರು.

"ನಾಳೆ ಬೆಳಿಗ್ಗೆ ಮದುಮಗಳ ಅಮ್ಮ ಆಲ್ಬಂ ನೋಡೋಕೆ ಬರ್ತಾರೆ," ಅಂದಳು.

"ಫೋಟೋ ಕತ್ತರಿಸದೆ ಸುತ್ತ ಬಿಳಿ ಅಂಚು ಬಿಟ್ಟು ಪ್ರಿಂಟ್ ಮಾಡಿ ಅಂತ ಆರಿಸಬೇಕಿತ್ತು. ಹೇಳೋದು ಮರೆತೆ. ತಪ್ಪು ನಂದೇ."

"ಅಷ್ಟೆಲ್ಲ ಹೇಳಿದೋರು ಇದೊಂದನ್ನ ಹೇಗೆ ಮರೆತ್ರಿ?"

ಅವನು ಮೌಸ್ ಮೇಲಿದ್ದ ಕೈಯನ್ನೇ ನೋಡುತ್ತ ಹೇಳಿದ. "ನೀವು ನಗ್ತಾ ಇದ್ರಿ."

ಅವಳ ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಕೆಟ್ಟುಹೋದವನ್ನಷ್ಟೇ ಅವಳ ಫೋನಿನಿಂದ ಆರಿಸಿ, ಹಾಳೆಗೆ ನಾಲ್ಕರಂತೆ ಅವನು ಮತ್ತೆ ಪ್ರಿಂಟ್ ಹಾಕಿದ. ಅವಳು ಒಂದೇ ಗೆರೆಯಲ್ಲಿ ಕತ್ತರಿಸುತ್ತ ಹೋದಳು. ಆಲ್ಬಂಗೆ ಫೋಟೋ ಅಂಟಿಸುವಾಗ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಬರಿಗೈಯಲ್ಲಿ ಬಂದಳು.

"ಆರ್ಡರ್ ಸಿಕ್ತು!"

"ನನಗೆ ಗೊತ್ತಿತ್ತು."

"ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಈ ಮೊದಲೂ ಎಷ್ಟೋ ಸಲ ಈ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೆ. ಏನು ನೆಪ ಹೇಳ್ಲಿ ಅಂತ ತಿಳೀಲಿಲ್ಲ."

ಅವನ ಎದೆ ಹಗುರಾಯಿತು. "ಇವತ್ತು ಏನು ನೆಪ?"

"ಏನೂ ಇಲ್ಲ. ನಿಮ್ಮನ್ನ ನೋಡ್ಬೇಕು ಅನಿಸ್ತು." ಗೋಡೆ ಗಡಿಯಾರ ನೋಡುತ್ತ ಕೇಳಿದಳು, "ಅಂಗಡಿ ಎಷ್ಟೊತ್ತಿಗೆ ಮುಚ್ತೀರಿ?"

"ಮುಚ್ಚಿ ಆಯ್ತು!" ಒಳಗಿಂದ ಅಕ್ಕ ಕೂಗಿದಳು.

ಅವನು ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದ.